ಎಂ.ಎ. ಮುಗಿಯುವುದರೊಳಗೆ ಒಂದು ಸಂಶೋಧನೆ: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ

ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಕಾರ್ಯ, ಇತಿಹಾಸ, ಯಾವುದರಲ್ಲಿ ಎಂ.ಎ. ಮಾಡುತ್ತಿದ್ದರೂ ಕೊನೆಯ ಸೆಮಿಸ್ಟರಿನ ಹೊತ್ತಿಗೆ ಪ್ರಾಜೆಕ್ಟ್ ಎಂಬುದೊಂದು ಎದುರು ಬಂದು ನಿಲ್ಲುತ್ತದೆ. ಬಹಳ ಮಂದಿ ಅದನ್ನು ಡಿಟಿಪಿ ಅಂಗಡಿಯಲ್ಲಿ ಶುರು ಮಾಡಿ ಅಲ್ಲೇ ಮುಗಿಸುತ್ತಾರೆ. ಸೀನಿಯರ್ ಕೊಟ್ಟ ಹಳೆಯ ಫೈಲು, ತಾಲೂಕಿನ ಹೆಸರು ಬದಲಿ, ಸ್ಪೈರಲ್ ಬೈಂಡಿಂಗ್, ವೈವಾ, ಮುಗೀತು. ಮೊದಲಾದರೆ ಇದರಿಂದ ಅಂಥ ನಷ್ಟವೇನೂ ಆಗುತ್ತಿರಲಿಲ್ಲ. ನಡುವೆ ಎಂ.ಫಿಲ್. ಇತ್ತು, ಎಂ.ಎ.ಯಲ್ಲಿ ಕಲಿಯದ್ದನ್ನು ಅಲ್ಲಿ ಕಲಿಯಬಹುದಿತ್ತು. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಎಂ.ಫಿಲ್.ಅನ್ನು ತೆಗೆದುಹಾಕಿತು. ಈಗ ಎಂ.ಎ.ಯಿಂದ ನೇರವಾಗಿ ಪಿಎಚ್.ಡಿ.ಗೆ ಜಿಗಿಯಬೇಕು. ಆ ಪ್ರವೇಶದಲ್ಲಿ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30. ಸಂದರ್ಶನದಲ್ಲಿ ಕೂತವರು ಸಮಾಜಶಾಸ್ತ್ರಜ್ಞ ವೆಬರ್ ಏನು ಹೇಳಿದ ಎಂದು ಕೇಳಿ ಬಿಡುವುದಿಲ್ಲ. ನೀನು ಏನು ಮಾಡಿದ್ದೀಯ, ಹೇಗೆ ಮಾಡಿದೆ, ಯಾಕೆ ಹಾಗೇ ಮಾಡಿದೆ ಎಂದು ಕೇಳುತ್ತಾರೆ.

ಆದ್ದರಿಂದ ದೊಡ್ಡ ಅವಕಾಶಕ್ಕೆ ಕಾಯಬೇಡಿ. ನಿಮ್ಮದೇ ತಾಲೂಕಿನಲ್ಲಿ ಒಂದು ಸಣ್ಣ ಪ್ರಶ್ನೆ ಹಿಡಿಯಿರಿ. ಓದುವುದು, ಅಂಕಿ ಹುಡುಕುವುದು, ಪ್ರಶ್ನಾವಳಿ ಮಾಡುವುದು, ಊರಿಗೆ ಹೋಗುವುದು, ಬರೆಯುವುದು, ಎಲ್ಲವನ್ನೂ ಒಂದು ಸಲ ಕೊನೆತನಕ ಕೈಯಾರೆ ಮಾಡಿ ಮುಗಿಸಿ. ಇನ್ನೊಬ್ಬರ ಸಾವಿರ ಮನೆಗಳ ಸರ್ವೆಯಲ್ಲಿ ಫಾರಂ ತುಂಬಿ ಬರುವುದಕ್ಕಿಂತ ಇಪ್ಪತ್ತೇ ಮನೆಗಳ ಸ್ವಂತ ಅಧ್ಯಯನ ಹೆಚ್ಚು ಕಲಿಸುತ್ತದೆ.

ನಮ್ಮ ಭಾಗದ ವಿಶ್ವವಿದ್ಯಾಲಯಗಳು ಚಿಕ್ಕ ವಯಸ್ಸಿನವು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ರಾಯಚೂರಿನದ್ದು, ಕೊಪ್ಪಳದ್ದು ಅದಕ್ಕಿಂತಲೂ ಹೊಸವು. ತುಂಬಿದ ಗ್ರಂಥಾಲಯ, ತಲೆಮಾರುಗಳ ಸಂಶೋಧನಾ ಪರಂಪರೆ ಇಲ್ಲಿ ಇನ್ನೂ ಬೆಳೆಯಬೇಕು. ಅತಿಥಿ ಉಪನ್ಯಾಸಕರ ಮೇಲೇ ನಡೆಯುವ ವಿಭಾಗಗಳಿವೆ. ಆದರೆ ಕ್ಷೇತ್ರಕಾರ್ಯದ ವಿಷಯಕ್ಕೆ ಬಂದರೆ ನಾವು ಬಡವರಲ್ಲ. ತುಂಗಭದ್ರಾ ಕಾಲುವೆ, ಸಂಡೂರಿನ ಅದಿರು, ಹಟ್ಟಿಯ ಚಿನ್ನ, ಶಕ್ತಿನಗರದ ಬೂದಿ, ಬಳ್ಳಾರಿಯ ಜೀನ್ಸ್, ದೇವದುರ್ಗದ ಗುಳೆ, ಸಿಂಧನೂರಿನ ಬಂಗಾಲಿ ಕ್ಯಾಂಪುಗಳು. ದಿಲ್ಲಿಯಿಂದ ವಿಮಾನ ಹತ್ತಿ ಬಂದು ಇವನ್ನು ಅಧ್ಯಯನ ಮಾಡುವವರಿದ್ದಾರೆ. ನಿಮಗೆ ಕೆಂಪು ಬಸ್ಸಿನ ಟಿಕೆಟ್ ಸಾಕು. ಹೆಣ್ಣುಮಕ್ಕಳಿಗೆ ಅದೂ ಬೇಡ.

ಪ್ರಶ್ನೆಯನ್ನು ಸಣ್ಣದು ಮಾಡುವುದು

"ರಾಯಚೂರು ಜಿಲ್ಲೆಯಲ್ಲಿ ಮಹಿಳಾ ಸಬಲೀಕರಣ: ಒಂದು ಸಮಾಜಶಾಸ್ತ್ರೀಯ ಅಧ್ಯಯನ." ಈ ಶೀರ್ಷಿಕೆ ನೀವು ನೋಡಿರುತ್ತೀರಿ. ಜಿಲ್ಲೆಯ ಜಾಗದಲ್ಲಿ ಕೊಪ್ಪಳ ಹಾಕಿದರೂ ನಡೆಯುತ್ತದೆ, ಬೀದರ್ ಹಾಕಿದರೂ ನಡೆಯುತ್ತದೆ. ಎಲ್ಲಿ ಹಾಕಿದರೂ ನಡೆಯುವ ಶೀರ್ಷಿಕೆಯಲ್ಲಿ ಪ್ರಶ್ನೆ ಇರುವುದಿಲ್ಲ, ವಿಷಯ ಮಾತ್ರ ಇರುತ್ತದೆ. ಪ್ರಶ್ನೆಯೆಂದರೆ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಬರುವಂಥದ್ದು, ಮತ್ತು ಉತ್ತರ ನಿಮಗೇ ಗೊತ್ತಿಲ್ಲದ್ದು.

ಉದಾಹರಣೆಗೆ ಗುಳೆ. "ರಾಯಚೂರು ಜಿಲ್ಲೆಯ ವಲಸೆ ಸಮಸ್ಯೆ" ಎಂದರೆ ಒಂದು ಜೀವಮಾನ ಸಾಲದು. "ಗುಳೆ ಹೋದ ಮನೆಗಳ ಶಾಲೆಗೆ ಹೋಗುವ ಮಕ್ಕಳು ಆ ತಿಂಗಳುಗಳಲ್ಲಿ ಯಾರ ಬಳಿ ಇರುತ್ತಾರೆ, ಯಾವ ಮಕ್ಕಳನ್ನು ಜೊತೆಗೆ ಕರೆದೊಯ್ಯುತ್ತಾರೆ, ಯಾರನ್ನು ಬಿಟ್ಟುಹೋಗುತ್ತಾರೆ?" ಎಂದು ದೇವದುರ್ಗ ತಾಲೂಕಿನ ಒಂದು ತಾಂಡಾದಲ್ಲಿ ಕೇಳಬಹುದು. ಗಂಡು ಮಗುವನ್ನು ಅಜ್ಜಿಯ ಬಳಿ ಓದಲು ಬಿಟ್ಟು, ಕೂಸು ಆಡಿಸಲೆಂದು ಹೆಣ್ಣು ಮಗುವನ್ನು ಬೆಂಗಳೂರಿಗೆ ಕರೆದೊಯ್ಯುತ್ತಾರೋ? ಇರಬಹುದು, ಇಲ್ಲದಿರಲೂಬಹುದು. ಹೋಗಿ ನೋಡಿದರೆ ತಿಳಿಯುತ್ತದೆ, ಮತ್ತು ಒಬ್ಬರೇ ಒಂದು ರಜೆಯಲ್ಲಿ ನೋಡಿ ಮುಗಿಸಬಹುದು.

ಹೀಗೆಯೇ ಇನ್ನಷ್ಟು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಅದಾದ ಮೇಲೆ ಮಸ್ಕಿ ಕಡೆಯ ಹಳ್ಳಿಗಳಿಂದ ಸಿಂಧನೂರಿನ ಕಾಲೇಜಿಗೆ ಬರುವ ಹುಡುಗಿಯರು ಕೋರ್ಸ್ ಆರಿಸುವ ರೀತಿ ಬದಲಾಯಿತೇ? ಗೃಹಲಕ್ಷ್ಮಿಯ 2000 ರೂಪಾಯಿ ಅತ್ತೆಯ ಖಾತೆಗೆ ಬಂದಾಗ ಸೊಸೆಯ ಕೈಗೆ ಎಷ್ಟು ಸೇರುತ್ತದೆ? 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ಮೇಲೆ ಎಡದಂಡೆ ಕಾಲುವೆಯ ಕೊನೆಭಾಗದ ಗೇಣಿ ರೈತರು ಬೆಳೆಯ ಲೆಕ್ಕ ಹೇಗೆ ಹಾಕಿದರು? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಾಲ ಮಾಡಿ ಲಾರಿ ಕೊಂಡಿದ್ದ ಮನೆಗಳು ಇಂದು ಏನು ಮಾಡುತ್ತಿವೆ? ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳಿಗೆ ಭೂಮಿ ಕೊಟ್ಟವರಲ್ಲಿ ಯಾರ ಮನೆಯವರಿಗೆ ಅಲ್ಲಿ ಕೆಲಸ ಸಿಕ್ಕಿದೆ, ಯಾವ ಕೆಲಸ?

ಒಂದು ಎಚ್ಚರಿಕೆಯ ಮಾತು. ಹೊರಗಿನಿಂದ ಬಂದವರಿಗೆ ನಮ್ಮ ಜಿಲ್ಲೆಗಳೆಂದರೆ ಮೊದಲು ನೆನಪಾಗುವುದು ದೇವದಾಸಿ ಪದ್ಧತಿ. ಪ್ರಾಜೆಕ್ಟಿಗೂ ಅದೇ ಸುಲಭದ ವಿಷಯವೆನ್ನಿಸುತ್ತದೆ. ಮಾಡಬಾರದೆಂದಲ್ಲ. ಆದರೆ ದೇವದಾಸಿ ಬಿಡುವುದು ಕಾನೂನಿನ ಪ್ರಕಾರ ಅಪರಾಧ. ಆ ತಾಯಂದಿರು ಹೇಳುವ ಒಂದು ಮಾತು ಅವರಿಗೂ ಅವರ ಮಕ್ಕಳಿಗೂ ತೊಂದರೆ ತರಬಹುದು. ಹತ್ತಾರು ತಿಂಗಳು ಜೊತೆಗೆ ಓಡಾಡುವ ವ್ಯವಧಾನ, ಅನುಭವಸ್ಥ ಗೈಡ್ ಇಲ್ಲದೆ ಎರಡು ಭಾನುವಾರ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುವ ವಿಷಯ ಅದಲ್ಲ. ಮೊದಲ ಅಧ್ಯಯನಕ್ಕೆ ಬೇರೆ ಆರಿಸಿಕೊಳ್ಳಿ.

ಹಿಂದಿನವರು ಏನು ಮಾಡಿದ್ದಾರೆ

ಶೋಧಗಂಗಾ ಜಾಲತಾಣದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲಿ ಬರೆದವೂ ಇವೆ. ಜಿಲ್ಲೆಯ ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ಹಾಕಿ ಹುಡುಕಿ. ಇಂಗ್ಲಿಷಿನಲ್ಲಿ ಬಳ್ಳಾರಿಯ ಕಾಗುಣಿತ 2014ರಲ್ಲಿ ಬದಲಾದ್ದರಿಂದ ಹಳೆಯದೊಂದು, ಹೊಸದೊಂದು ಎರಡನ್ನೂ ನೋಡಬೇಕು. ಪ್ರಬಂಧ ಸಿಕ್ಕಿತೆಂದು ಮೊದಲ ಪುಟದಿಂದ ಓದಲು ಕೂರಬೇಡಿ. ನೇರವಾಗಿ ಕೊನೆಗೆ ಹೋಗಿ ಪ್ರಶ್ನಾವಳಿ ನೋಡಿ, ಆಮೇಲೆ ಮಾದರಿ ಆಯ್ಕೆಯ ಪುಟ ನೋಡಿ. ಯಾರನ್ನು ಕೇಳಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎನ್ನುವುದು ಅಲ್ಲೇ ಇರುತ್ತದೆ. ಬಿಟ್ಟುಹೋದವರ ಕಡೆಗೆ ನಿಮ್ಮ ಪ್ರಶ್ನೆ ತಿರುಗಿದರೆ ಅದಕ್ಕೊಂದು ಜಾಗ ಸಿಕ್ಕಂತೆ. ಓದಿದ ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆದಿಡಿ: ಪ್ರಶ್ನೆ ಏನು, ಎಲ್ಲಿ, ಹೇಗೆ ಕೇಳಿದರು, ಏನು ಸಿಕ್ಕಿತು. ಝೋಟೆರೊ ಎಂಬ ಉಚಿತ ತಂತ್ರಾಂಶದಲ್ಲಿ ಇಟ್ಟುಕೊಂಡರೆ ಉಲ್ಲೇಖಗಳ ಪಟ್ಟಿ ತಾನೇ ತಯಾರಾಗುತ್ತದೆ.

ಇತಿಹಾಸದವರಿಗೆ, ರಾಜ್ಯಶಾಸ್ತ್ರದವರಿಗೆ ಒಂದು ವಿಶೇಷ ಮಾತು. ನಮ್ಮ ಮೂರೂ ಜಿಲ್ಲೆಗಳ ಹಳೆಯ ಕಾಗದ ಒಂದೇ ಕಡೆ ಇಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯ. ಹಾಗಾಗಿ ಬಳ್ಳಾರಿಯ ಹಳೆಯ ಕಡತಗಳ ಜಾಡು ಚೆನ್ನೈಗೆ ಹೋಗುತ್ತದೆ, ರಾಯಚೂರಿನದ್ದು ಹೈದರಾಬಾದಿಗೆ. ರಾಯಚೂರಿನ ಹಳೆಯ ಕಂದಾಯ ಕಾಗದ ಉರ್ದುವಿನಲ್ಲಿವೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಉರ್ದು ಓದಬಲ್ಲ ಹಿರಿಯರಿದ್ದರೆ, ಅವರಿರುವಾಗಲೇ ಕೂತು ಕಲಿಯಿರಿ. ಎಷ್ಟೋ ಪಿಎಚ್.ಡಿ.ಯವರ ಬಳಿ ಇಲ್ಲದ ಹತಾರ ಅದು.

ಕೂತಲ್ಲೇ ಸಿಗುವ ಅಂಕಿ

ಕ್ಷೇತ್ರಕ್ಕೆ ಹೋಗುವ ಮೊದಲು ಇರುವ ಅಂಕಿಗಳನ್ನು ನೋಡಿಕೊಳ್ಳಬೇಕು. 2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಯ ಪಟ್ಟಿ ಇದೆ: ಜನಸಂಖ್ಯೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಾಕ್ಷರರು, ಕೃಷಿ ಕೂಲಿಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಜಿಲ್ಲಾವಾರು ಹಾಳೆಗಳು ಉಚಿತ. ಜಿಲ್ಲಾ ಸಂಖ್ಯಾಸಂಗ್ರಹಣಾಧಿಕಾರಿಗಳ ಕಚೇರಿ ಹೊರತರುವ ಜಿಲ್ಲಾ ಅಂಕಿ-ಅಂಶಗಳ ನೋಟ ಕನ್ನಡದಲ್ಲೇ ಇದೆ. ಉದ್ಯೋಗ ಖಾತರಿಯ ಹಿಂದಿನ ವರ್ಷಗಳ ಕೂಲಿ ಹಾಜರಿ ಪಟ್ಟಿಗಳನ್ನು, ಅಂದರೆ ಎನ್‌ಎಂಆರ್‌ಗಳನ್ನು ಪಂಚಾಯಿತಿವಾರು ತೆರೆದು ನೋಡಬಹುದು. ಪ್ರಾದೇಶಿಕ ಅಸಮತೋಲನದ ಕುರಿತ ನಂಜುಂಡಪ್ಪ ಸಮಿತಿಯ 2002ರ ವರದಿ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, ಅದರಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದಿತು. ನಿಮ್ಮ ತಾಲೂಕು ಅದರಲ್ಲಿ ಎಲ್ಲಿದೆ, ಯಾವ ಸೂಚ್ಯಂಕಗಳಿಂದ ಅಲ್ಲಿಗೆ ಬಂತು ಎಂದು ನೋಡುವುದೇ ಒಳ್ಳೆಯ ಅಭ್ಯಾಸ.

ಇನ್ನು ಇದರಲ್ಲಿರುವ ಬಲೆ. ನಮ್ಮ ಜಿಲ್ಲೆಗಳ ಗಡಿ ಬದಲಾಗುತ್ತಲೇ ಬಂದಿದೆ. ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಅಂದರೆ 1991ರ ಜನಗಣತಿಯ "ರಾಯಚೂರು" ಬೇರೆ, 2001ರ "ರಾಯಚೂರು" ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಜನಸಂಖ್ಯೆ ಇಳಿದಿದೆ ಎಂದು ಬರೆದರೆ ವೈವಾದಲ್ಲಿ ತಲೆತಗ್ಗಿಸಬೇಕಾಗುತ್ತದೆ. ವಿಜಯನಗರ ಜಿಲ್ಲೆ 2021ರಲ್ಲಿ ಬಂತು. ಹಾಗಾಗಿ 2011ರ ಜನಗಣತಿಯ ಬಳ್ಳಾರಿಯಲ್ಲಿ ಹೊಸಪೇಟೆ, ಹಡಗಲಿ, ಕೂಡ್ಲಿಗಿ ಎಲ್ಲ ಸೇರಿವೆ, ಆದರೆ ಆಗ ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಇಲ್ಲ. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು, ಕುರುಗೋಡು, ಕಂಪ್ಲಿ ಇವು ತಾಲೂಕುಗಳಾಗಿ ಆ ಜನಗಣತಿಯಲ್ಲಿ ಸಿಗುವುದಿಲ್ಲ; ಹಳ್ಳಿವಾರು ಪಟ್ಟಿ ತೆಗೆದು ನೀವೇ ಕೂಡಿಸಬೇಕು. ಬೇಸರದ ಕೆಲಸ. ಆದರೆ ಎಂ.ಎ. ವಿದ್ಯಾರ್ಥಿಯೊಬ್ಬ ಮಸ್ಕಿ ತಾಲೂಕಿನ ಹಳ್ಳಿಗಳನ್ನು ಹೀಗೆ ಕೂಡಿಸಿ ಒಂದು ಕೋಷ್ಟಕ ಮಾಡಿದನೆಂದರೆ, ಅವನಿಗೆ ಅಂಕಿಯ ಮರ್ಯಾದೆ ತಿಳಿದಿದೆ ಎಂದು ಓದಿದವರಿಗೆ ಗೊತ್ತಾಗುತ್ತದೆ. 2021ರ ಜನಗಣತಿ ಮುಂದೆ ಹೋದ ಕಾರಣ 2011ರದ್ದನ್ನೇ ಆಧರಿಸಬೇಕಾಗಿದೆ, ಆ ಹಳತನವನ್ನೂ ಬರಹದಲ್ಲಿ ಹೇಳಿಕೊಳ್ಳಿ.

ಸರಾಸರಿಯ ವಿಷಯದಲ್ಲೂ ಹುಷಾರು. 2011ರಲ್ಲಿ ರಾಜ್ಯದ ಸಾಕ್ಷರತೆ ಶೇ. 75.36, ರಾಯಚೂರಿನದ್ದು ಶೇ. 59.56. ಅಷ್ಟಕ್ಕೇ ನಿಲ್ಲಿಸಿದರೆ ಒಂದು ಚಿತ್ರ. ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 48.73 ಎಂದು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ.

ಪತ್ರ, ಟಪಾಲು, ಹಿಂಬರಹ

ಶಾಲೆಯ ಹಾಜರಿ, ಅಂಗನವಾಡಿಯ ಸರ್ವೆ ಪುಸ್ತಕ, ಪಂಚಾಯಿತಿಯ ದಾಖಲೆ ನೋಡಬೇಕೆಂದರೆ ವಿಭಾಗದ ಮುಖ್ಯಸ್ಥರ ಸಹಿ-ಸೀಲಿನ ಪತ್ರ ಬೇಕು. ಶಾಲೆಗಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅಂಗನವಾಡಿಗಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಗ್ರಾಮ ಪಂಚಾಯಿತಿಗಾದರೆ ತಾಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ). ಪತ್ರದ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲಿನಲ್ಲಿ ಕೊಟ್ಟು ಇನ್ನೊಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ಮುದ್ರೆ ಇದ್ದರೆ ಹಳ್ಳಿಯ ಹೆಡ್‌ಮಾಸ್ತರರೂ ಪಿಡಿಒ ಅವರೂ ಧೈರ್ಯವಾಗಿ ಪುಸ್ತಕ ತೆಗೆಯುತ್ತಾರೆ.

ಕೊಡದಿದ್ದರೆ ಮಾಹಿತಿ ಹಕ್ಕು ಇದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು, ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ. ಆದರೆ ಮೊದಲ ದಿನವೇ ಆರ್‌ಟಿಐ ಹಾಕಬೇಡಿ. ಸಣ್ಣ ಊರಿನ ಕಚೇರಿಗಳಲ್ಲಿ ಆರ್‌ಟಿಐ ಎಂದರೆ ಜಗಳಕ್ಕೆ ಬಂದವರು ಎಂದೇ ಎಣಿಸುತ್ತಾರೆ. ಕೇಳಿದ್ದಷ್ಟೇ ಕೊಟ್ಟು ಬಾಗಿಲು ಮುಚ್ಚುತ್ತಾರೆ. ಎದುರು ಕೂತು ಮಾತಾಡಿದರೆ ಕೇಳದ್ದೂ ಸಿಗುತ್ತದೆ.

ಇನ್ನೊಬ್ಬರ ಕೈಕೆಳಗೆ ದುಡಿಯುವುದು

ಸ್ವಂತ ಅಧ್ಯಯನಕ್ಕೆ ಇಳಿಯುವ ಮೊದಲು ಒಮ್ಮೆ ಬೇರೆಯವರ ಅಧ್ಯಯನದಲ್ಲಿ ಕೆಲಸ ಮಾಡುವುದು ಒಳ್ಳೆಯದೇ. ನಿಮ್ಮ ಅಧ್ಯಾಪಕರು ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಯೋಜನೆ ಮಾಡುತ್ತಿರಬಹುದು. ಸರಕಾರಿ ಯೋಜನೆಗಳ ಮೌಲ್ಯಮಾಪನಕ್ಕೆ ಬರುವ ಸಂಸ್ಥೆಗಳು ಸ್ಥಳೀಯ ಹುಡುಗ-ಹುಡುಗಿಯರನ್ನು ಫೀಲ್ಡ್ ಇನ್ವೆಸ್ಟಿಗೇಟರ್ ಎಂದು ತೆಗೆದುಕೊಳ್ಳುತ್ತವೆ. ಚುನಾವಣೆಯ ಹೊತ್ತಿಗೆ ದಿಲ್ಲಿಯ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್‌ನ ಲೋಕನೀತಿ ತಂಡ ಮತದಾನೋತ್ತರ ಸಮೀಕ್ಷೆಗೆ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ಕಳಿಸುತ್ತದೆ. ಮತದಾರರ ಪಟ್ಟಿಯಿಂದ ಹೆಸರು ಆರಿಸಿ ಅದೇ ವ್ಯಕ್ತಿಯನ್ನು ಹುಡುಕಿಕೊಂಡು ಹೋಗುವ ಶಿಸ್ತು ಅಲ್ಲಿ ಕಲಿಯಲು ಸಿಗುತ್ತದೆ.

ಒಪ್ಪುವ ಮೊದಲು ಮೂರು ಮಾತು ಕೇಳಿಕೊಳ್ಳಿ. ದಿನದ ಲೆಕ್ಕವೋ, ಫಾರಂ ಲೆಕ್ಕವೋ? ಫಾರಂ ಲೆಕ್ಕವಾದರೆ ಕಟ್ಟೆಯ ಮೇಲೆ ಕೂತು ತಾನೇ ತುಂಬುವ ಆಸೆ ಎಲ್ಲರಿಗೂ ಹುಟ್ಟುತ್ತದೆ, ಅಂಥ ತಂಡದಲ್ಲಿ ಕಲಿಯುವುದು ಕಳ್ಳತನ ಮಾತ್ರ. ತರಬೇತಿ ಎಷ್ಟು ದಿನ? ಮಾಹಿತಿ ಸಂಗ್ರಹ ಮುಗಿದ ಮೇಲೆ ಅದನ್ನು ಶುದ್ಧ ಮಾಡುವ, ಕೋಷ್ಟಕ ಮಾಡುವ ಕೆಲಸದಲ್ಲಿ ಕೂರಿಸಿಕೊಳ್ಳುತ್ತೀರಾ? ಈ ಮೂರನೆಯದಕ್ಕೆ ಹೂಂ ಎಂದವರ ಬಳಿ ಕೂಲಿ ಸ್ವಲ್ಪ ಕಡಿಮೆಯಾದರೂ ಹೋಗಿ. ಕೆಲಸ ಮುಗಿದ ವಾರದಲ್ಲೇ ಅನುಭವ ಪತ್ರ ತೆಗೆದುಕೊಳ್ಳಿ. ತಂಡ ಊರು ಬಿಟ್ಟ ಮೇಲೆ ಫೋನ್ ಎತ್ತುವವರಿರುವುದಿಲ್ಲ.

ಪ್ರಶ್ನಾವಳಿ

ಪ್ರಶ್ನಾವಳಿಯ ಮೊದಲ ಶತ್ರು "ನಿಮ್ಮ ವಾರ್ಷಿಕ ಆದಾಯ ಎಷ್ಟು?" ಎಂಬ ಪ್ರಶ್ನೆ. ಈ ಪ್ರಶ್ನೆಗೆ ನಮ್ಮ ಹಳ್ಳಿಗಳಲ್ಲಿ ಯಾರೂ ಆದಾಯ ಹೇಳುವುದಿಲ್ಲ, ರೇಷನ್ ಕಾರ್ಡ್ ಉಳಿಯುವಷ್ಟನ್ನು ಹೇಳುತ್ತಾರೆ. ಬದಲಿಗೆ ಹೋದ ವಾರ ಎಷ್ಟು ದಿನ ಕೂಲಿ ಸಿಕ್ಕಿತು, ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು, ಈ ಸಲ ಎಕರೆಗೆ ಎಷ್ಟು ಚೀಲ ಬಂತು, ಗೇಣಿ ಎಷ್ಟು ಕೊಟ್ಟಿರಿ ಎಂದು ಕೇಳಿ. ಚೀಲ ಎಂದಾಗ ಎಷ್ಟು ಕಿಲೋದ ಚೀಲ ಎಂದೂ ಕೇಳಬೇಕು. ಹತ್ತಿ ಬಿಡಿಸುವುದು ಕಿಲೋ ಲೆಕ್ಕ, ನಾಟಿ ಹಚ್ಚುವುದು ಎಕರೆ ಗುತ್ತಿಗೆ. ಎರಡನ್ನೂ "ದಿನಗೂಲಿ" ಎಂಬ ಒಂದೇ ಖಾನೆಗೆ ತುರುಕಿದರೆ ಲೆಕ್ಕ ಕೆಡುತ್ತದೆ.

ಕಾಲವನ್ನು ತಿಂಗಳಿನಲ್ಲಿ ಕೇಳುವುದಕ್ಕಿಂತ ಹಬ್ಬದಲ್ಲಿ ಕೇಳಿದರೆ ಉತ್ತರ ಖಚಿತ. "ಜೂನ್‌ನಲ್ಲಿ ಎಲ್ಲಿದ್ದಿರಿ?" ಎಂದರೆ ಯೋಚಿಸುತ್ತಾರೆ; "ಕಾರಹುಣ್ಣಿಮಿಗೆ ಊರಾಗಿದ್ರೇನು? ಪಂಚಮಿಗೆ?" ಎಂದರೆ ತಟ್ಟನೆ ಹೇಳುತ್ತಾರೆ. ಕೊಪ್ಪಳದ ಭಾಷೆಯಲ್ಲಿ, ಸಿರುಗುಪ್ಪದ ಭಾಷೆಯಲ್ಲಿ ಪ್ರಶ್ನೆ ಬರೆಯಿರಿ, "ಕುಟುಂಬದಲ್ಲಿನ ನಿರ್ಣಯ ಪ್ರಕ್ರಿಯೆ" ಎನ್ನುವುದು ನಿಮ್ಮ ಅಧ್ಯಾಯದ ತಲೆಬರಹದಲ್ಲಿ ಇರಲಿ, ಅಕ್ಕನ ಎದುರು "ಮನ್ಯಾಗ ರೊಕ್ಕ ಯಾರ ಕೈಯಾಗ ಇರ್ತದ?" ಸಾಕು. ತಾಂಡಾದಲ್ಲಿ ಲಂಬಾಣಿ, ಆಂಧ್ರದಿಂದ ಬಂದವರ ಕ್ಯಾಂಪಿನಲ್ಲಿ ತೆಲುಗು, ಪೇಟೆಯ ಓಣಿಗಳಲ್ಲಿ ಉರ್ದು ಬೇಕಾಗುತ್ತದೆ. ನಿಮಗೆ ಬಾರದಿದ್ದರೆ ತರಗತಿಯ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಅವಳ ಅಧ್ಯಯನಕ್ಕೆ ನೀವು ಹೋದರಾಯಿತು.

ಬರೆದದ್ದನ್ನು ಐದಾರು ಜನರ ಮೇಲೆ ಪ್ರಯೋಗಿಸಿ ನೋಡಿ. ಅರ್ಧದಷ್ಟು ಪ್ರಶ್ನೆ ಬಿದ್ದುಹೋಗುತ್ತವೆ, ಹೋಗಲಿ.

ಮಾದರಿಯ ಸಂಖ್ಯೆ ನೂರೇ ಇರಬೇಕು ಎಂಬ ನಂಬಿಕೆ ಎಲ್ಲಿಂದ ಬಂತೋ, ಬಹುಶಃ ಶೇಕಡಾ ತೆಗೆಯಲು ಸುಲಭವೆಂದು. ಮನ ಬಂದಂತೆ ಆರಿಸಿದ ನೂರಕ್ಕಿಂತ, ಯಾಕೆ ಇವರನ್ನೇ ಕೇಳಿದೆ ಎಂದು ಹೇಳಬಲ್ಲ ಮೂವತ್ತು ಲೇಸು. ಆಳವಾದ ಸಂದರ್ಶನವಾದರೆ ಹನ್ನೆರಡು, ಹದಿನೈದು ಸಾಕಾಗಬಹುದು.

ಊರೊಳಗೆ

ಯಾವಾಗ ಹೋಗುತ್ತೀರಿ ಎನ್ನುವುದೇ ಅರ್ಧ ಸಂಶೋಧನೆ. ನಾಟಿಯ ದಿನಗಳಲ್ಲಿ ಕಾಲುವೆ ಭಾಗದ ಊರಿನಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಗುಳೆ ಹೋದವರನ್ನು ಹುಡುಕುವವರು ಯುಗಾದಿ, ಊರ ಜಾತ್ರೆ, ಅಲಾಯಿ ಹಬ್ಬದ (ಮೊಹರಂ) ಹೊತ್ತಿಗೆ ಹೋಗಬೇಕು. ನಮ್ಮ ಕಡೆ ಮೊಹರಂ ಎಲ್ಲ ಜಾತಿಯವರ ಹಬ್ಬ, ಬೆಂಗಳೂರಿನ ಕಟ್ಟಡ ಕೆಲಸ ಬಿಟ್ಟು ಜನ ಅದಕ್ಕೆ ಊರಿಗೆ ಬರುತ್ತಾರೆ. ಏಪ್ರಿಲ್, ಮೇ ತಿಂಗಳಿನ ರಾಯಚೂರಿನ ಬಿಸಿಲು ನಿಮಗೆ ಹೊಸದಲ್ಲ: ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಐದರ ಮೇಲೆ. ಹೆಣ್ಣುಮಕ್ಕಳು ಒಬ್ಬರೇ ಸಂಜೆ ಹೋಗಬೇಡಿ, ಕೊನೆಯ ಬಸ್ಸಿನ ವೇಳೆ ಮೊದಲೇ ಕೇಳಿಟ್ಟುಕೊಳ್ಳಿ.

ಊರಿಗೆ ಹೋದೊಡನೆ ಎಲ್ಲಿ ಕೂರುತ್ತೀರಿ? ಅಗಸಿ ದಾಟಿ ಮೊದಲು ಸಿಗುವ ದೊಡ್ಡ ಮನೆಯಲ್ಲಿ ಚಹಾ ಕುಡಿದರೆ, ಆ ದಿನವೆಲ್ಲ ಉಳಿದ ಕೇರಿಗಳವರು ನಿಮ್ಮನ್ನು ಆ ಮನೆಯ ಕಡೆಯವರೆಂದೇ ನೋಡುತ್ತಾರೆ, ಅದಕ್ಕೆ ತಕ್ಕ ಉತ್ತರ ಕೊಡುತ್ತಾರೆ. ಮುಖ್ಯ ಓಣಿಯಿಂದ ಶುರು ಮಾಡಿ ಸಂಖ್ಯೆ ತುಂಬಿದೊಡನೆ ನಿಲ್ಲಿಸಿದರೆ ಊರ ಅಂಚಿನ ಕೇರಿ, ತಾಂಡಾ, ಹೊಲದಲ್ಲಿ ಮನೆ ಮಾಡಿಕೊಂಡವರು ನಿಮ್ಮ ಪುಸ್ತಕದಲ್ಲಿ ಬರುವುದೇ ಇಲ್ಲ. ಮೊದಲ ಸಲ ಹೋದಾಗ ಯಾರನ್ನೂ ಏನೂ ಕೇಳದೆ ಊರನ್ನೊಮ್ಮೆ ಸುತ್ತಿ, ಕೇರಿಗಳ ನಕ್ಷೆ ಕೈಯಲ್ಲಿ ಬರೆದುಕೊಳ್ಳಿ. ಅಂಗನವಾಡಿ ಟೀಚರಮ್ಮ, ಆಶಾ ಕಾರ್ಯಕರ್ತೆ ಇವರಿಗೆ ಗೊತ್ತಿಲ್ಲದ ಮನೆ ಊರಲ್ಲಿರುವುದಿಲ್ಲ. ಆದರೆ ಸಂದರ್ಶನದ ಹೊತ್ತಿನಲ್ಲಿ ಅವರು ಪಕ್ಕದಲ್ಲಿದ್ದರೆ ಪಡಿತರ, ಮೊಟ್ಟೆ, ಹೆರಿಗೆಯ ಪ್ರಶ್ನೆಗಳಿಗೆಲ್ಲ "ಎಲ್ಲಾ ಚಲೋ ಅದರೀ" ಎಂಬ ಉತ್ತರವೇ ಬರುತ್ತದೆ. ದಾರಿ ತೋರಿಸಿದ ಮೇಲೆ ಕೈಮುಗಿದು ಬೀಳ್ಕೊಡಿ.

ಜನ ಸರ್ವೆಗಳಿಂದ ದಣಿದಿದ್ದಾರೆ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೆ ಬಂದು ಹೋದರು. ಅದಕ್ಕೂ ಮೊದಲು ಎಷ್ಟೋ. "ಬರಕೊಂಡು ಹೋಗೋರು ಬಾಳ ಮಂದಿ ಬಂದ್ರು ತಂಗಿ, ತಿರುಗಿ ಬಂದೋರು ಯಾರೂ ಇಲ್ಲ" ಎನ್ನುವ ಅವ್ವನಿಗೆ ನೀವು ಏನು ಹೇಳುತ್ತೀರಿ? ಮನೆ ಮಂಜೂರು ಮಾಡಿಸುವವರೆಂದೋ ಪಿಂಚಣಿಯವರೆಂದೋ ಅವರು ತಿಳಿದಿದ್ದರೆ ಆ ತಪ್ಪು ತಿಳಿವಳಿಕೆಯ ಲಾಭ ಪಡೆಯಬೇಡಿ. "ನಾನು ಓದೋ ಹುಡುಗಿ ಅವ್ವಾ, ಪರೀಕ್ಷಾಕ್ಕ ಬರೀಬೇಕು, ಇದರಿಂದ ನಿಮಗ ಏನೂ ಸಿಗಂಗಿಲ್ಲ, ಬ್ಯಾಡಂದ್ರ ಹೋಗ್ತೀನಿ" ಎಂದು ನೇರವಾಗಿ ಹೇಳಿ. ಆಶ್ಚರ್ಯವೆಂದರೆ ಹಾಗೆ ಹೇಳಿದಾಗಲೇ ಹೆಚ್ಚು ಜನ ಕೂರಲು ಚಾಪೆ ಹಾಸುತ್ತಾರೆ. ಓದುವ ಮಕ್ಕಳ ಮೇಲೆ ನಮ್ಮ ಮಂದಿಗೆ ಅಂತಃಕರಣ ಇದೆ.

ಒಪ್ಪಿಗೆ ಕೇಳದೆ ಧ್ವನಿಮುದ್ರಣ ಬೇಡ, ಫೋಟೋ ಬೇಡ. ಸಹಿ ಮಾಡಿಸಿಕೊಳ್ಳುವುದು ಪುಸ್ತಕದಲ್ಲಿ ಚೆಂದ, ಆದರೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಊರಿನಲ್ಲಿ ಸಹಿ ಎಂದರೆ ಹೆದರಿಕೆ. ಬಾಯಿಮಾತಿನ ಒಪ್ಪಿಗೆ ಪಡೆದು ದಿನಾಂಕ, ಜಾಗ ನೀವೇ ಬರೆದುಕೊಂಡರೆ ಆಗುತ್ತದೆ, ಗೈಡ್‌ಗೆ ಮೊದಲೇ ತಿಳಿಸಿರಿ. ಆಧಾರ್ ಸಂಖ್ಯೆ ಯಾವ ಕಾರಣಕ್ಕೂ ತೆಗೆದುಕೊಳ್ಳಬೇಡಿ. ಮಕ್ಕಳನ್ನು ಮಾತಾಡಿಸುವಾಗ ಮನೆಯವರ ಒಪ್ಪಿಗೆ ಬೇಕು, ಮಗುವಿನದ್ದೂ ಬೇಕು. ಬರೆಯುವಾಗ ಹೆಸರು ಬದಲಿಸುವುದಷ್ಟೇ ಸಾಲದು: "ಊರಿನ ಏಕೈಕ ಮಹಿಳಾ ಟ್ರ್ಯಾಕ್ಟರ್ ಚಾಲಕಿ" ಎಂದು ಬರೆದರೆ ಯಾರೆಂದು ಇಡೀ ತಾಲೂಕಿಗೆ ಗೊತ್ತಾಗುತ್ತದೆ.

ರಾತ್ರಿ ಬರೆಯುವುದು, ಆಮೇಲೆ ಕೂಡಿಸುವುದು

ಅಂದು ಕೇಳಿದ್ದನ್ನು ಅಂದೇ ರಾತ್ರಿ ಬರೆಯಿರಿ. ಉತ್ತರ ಬರುವಾಗ ಅತ್ತೆ ಒಳಗೆ ಬಂದಳು, ಸೊಸೆ ಮಾತು ನಿಲ್ಲಿಸಿದಳು, ಇಂಥದ್ದು ಫಾರಂನಲ್ಲಿ ಇರುವುದಿಲ್ಲ, ಎರಡು ದಿನ ಬಿಟ್ಟರೆ ತಲೆಯಲ್ಲೂ ಇರುವುದಿಲ್ಲ.

ಕೋಬೊಟೂಲ್‌ಬಾಕ್ಸ್ ಎಂಬ ಉಚಿತ ಸಾಧನದಲ್ಲಿ ಕನ್ನಡದಲ್ಲೇ ಫಾರಂ ಮಾಡಿ ಮೊಬೈಲಿನಲ್ಲಿ ತುಂಬಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ವಿಶ್ಲೇಷಣೆಗೆ ಎಕ್ಸೆಲ್ ಸಾಕು. ಮುಂದೆ ಹೋಗುವವರಿಗೆ ಜಾಮೋವಿ, ಆರ್ ಎಂಬ ತಂತ್ರಾಂಶಗಳು ಉಚಿತ. ಎಸ್‌ಪಿಎಸ್‌ಎಸ್ ಕಳ್ಳಪ್ರತಿ ಹುಡುಕುತ್ತ ಪೆನ್‌ಡ್ರೈವಿಗೆ ವೈರಸ್ ತುಂಬಿಸಿಕೊಳ್ಳಬೇಡಿ. ಸಂದರ್ಶನಗಳನ್ನು ಪ್ರಿಂಟ್ ತೆಗೆದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕುತ್ತ ಓದುವುದು ಹಳೆಯ ಪದ್ಧತಿ, ಈಗಲೂ ಅದಕ್ಕೆ ಸಮನಾದದ್ದು ಕಾಣೆ. ಮತ್ತೆ, ಕೈ-ವರ್ಗ (chi-square) ಪರೀಕ್ಷೆ ಹಾಕಿದರೆ ಪ್ರಬಂಧಕ್ಕೆ ತೂಕ ಬರುತ್ತದೆಂದು ಯಾರಾದರೂ ಹೇಳಿದರೆ, ಅದು ಏನನ್ನು ಪರೀಕ್ಷಿಸುತ್ತದೆ ಎಂದು ಅವರನ್ನೇ ಮೊದಲು ಕೇಳಿ.

ಬರೆಯುವುದು, ಪ್ರಕಟಿಸುವುದು

ಯೋಚನೆ ಕನ್ನಡದಲ್ಲಿ ಬರುವವರು ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ. ಬೇಕೆಂದರೆ ಆಮೇಲೆ ಇಂಗ್ಲಿಷಿಗೆ ತನ್ನಿ. ಇಂಗ್ಲಿಷಿನಲ್ಲಿ ಓದುವುದನ್ನು ಮಾತ್ರ ಬಿಡುವಂತಿಲ್ಲ, ದಿನಕ್ಕೆ ಎರಡು ಪುಟವಾದರೂ ಆಗಲಿ. ಬೇರೆಯವರ ಸಾಲನ್ನು ಉಲ್ಲೇಖವಿಲ್ಲದೆ ಇಳಿಸಿಕೊಳ್ಳಬೇಡಿ. ಯುಜಿಸಿಯ 2018ರ ನಿಯಮ 10 ಪ್ರತಿಶತಕ್ಕಿಂತ ಹೆಚ್ಚು ಹೋಲಿಕೆಯನ್ನು ಕೃತಿಚೌರ್ಯದ ದರ್ಜೆಗಳಲ್ಲಿಟ್ಟು ದಂಡನೆ ಹೇಳುತ್ತದೆ. ಇಂಗ್ಲಿಷ್ ಪ್ರಬಂಧವನ್ನು ಕನ್ನಡಕ್ಕೆ ತಿರುಗಿಸಿದರೆ ತಂತ್ರಾಂಶಕ್ಕೆ ಸಿಗದಿರಬಹುದು, ಕಳ್ಳತನ ಕಳ್ಳತನವೇ.

ವಾಟ್ಸ್ಯಾಪಿನಲ್ಲಿ ಬರುವ "ಐಎಸ್‌ಎಸ್‌ಎನ್ ಇದೆ, ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಹಿತ" ಎಂಬ ಜಾಹೀರಾತುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಐಎಸ್‌ಎಸ್‌ಎನ್ ಎನ್ನುವುದು ಪತ್ರಿಕೆಯ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಯುಜಿಸಿ ಒಪ್ಪಿತ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿದೆ, ಈಗ ಒಳ್ಳೆಯ ಪತ್ರಿಕೆ ಯಾವುದೆಂದು ಓದಿಯೇ ತಿಳಿಯಬೇಕು. ಎಂ.ಎ. ಹಂತದಲ್ಲಿ ಪ್ರಕಟಣೆ ಇಲ್ಲದಿದ್ದರೆ ಏನೂ ಮುಳುಗುವುದಿಲ್ಲ. ವಿಭಾಗದ ಸೆಮಿನಾರಿನಲ್ಲಿ ಇಪ್ಪತ್ತು ನಿಮಿಷ ಮಂಡಿಸಿ, ಎಲ್ಲರ ಪ್ರಶ್ನೆ ಬರೆದುಕೊಳ್ಳಿ. ಕನ್ನಡದ ದಿನಪತ್ರಿಕೆಗೊಂದು ಲೇಖನ ಮಾಡಿ ಕಳಿಸಿ, ನಿಮ್ಮ ಊರಿನವರು ಓದುವುದು ಅದನ್ನೇ. ಊರಿನ ಪಂಚಾಯಿತಿಗೆ ಎರಡು ಪುಟದ ಸಾರಾಂಶ ಮಾಡಿ ಕೊಟ್ಟು ಬನ್ನಿ.

ನಾಲ್ಕು ಸೆಮಿಸ್ಟರಿನಲ್ಲಿ ಹಂಚಿಕೊಳ್ಳುವುದು

ಮೊದಲ ಸೆಮಿಸ್ಟರಿನಲ್ಲಿ ಓದು, ನಾಲ್ಕು ಸಾಲಿನ ಟಿಪ್ಪಣಿ. ಎರಡನೆಯದರಲ್ಲಿ ನಿಮ್ಮ ತಾಲೂಕಿನ ಅಂಕಿ ಕೂಡಿಸುವುದು. ಆ ಬೇಸಿಗೆ ರಜೆಯಲ್ಲಿ ಯಾರದಾದರೂ ಯೋಜನೆಯಲ್ಲಿ ಕೆಲಸ. ಮೂರನೆಯದರಲ್ಲಿ ಪ್ರಶ್ನೆ ಗಟ್ಟಿ ಮಾಡಿ, ಸಿನಾಪ್ಸಿಸ್ ಬರೆದು, ಪ್ರಶ್ನಾವಳಿ ಪ್ರಯೋಗ. ಸೆಮಿಸ್ಟರುಗಳ ನಡುವಿನ ರಜೆಯಲ್ಲಿ ಕ್ಷೇತ್ರಕಾರ್ಯ, ನಾಲ್ಕನೆಯದರಲ್ಲಿ ಬರವಣಿಗೆ. ಗೈಡ್ ಸಿಗುವುದು ಕಷ್ಟವಾದರೆ ಪ್ರತಿ ಸಲವೂ ಒಂದೇ ಪುಟ ಬರೆದುಕೊಂಡು ಹೋಗಿ; "ಸರ್, ಏನ್ ಮಾಡ್ಲಿ?" ಎಂದು ಕೇಳುವವರಿಗೆ ಸಿಗದ ಸಮಯ "ಮೇಡಂ, ಈ ಎರಡರಲ್ಲಿ ಯಾವುದು ಸರಿ?" ಎಂದು ಕೇಳುವವರಿಗೆ ಸಿಗುತ್ತದೆ. ಸಂಶೋಧನಾ ವಿಧಾನದ ಪಾಠಗಳು ಸ್ವಯಂ ಜಾಲತಾಣದಲ್ಲಿವೆ. ಕಲಿಯಲು ಶುಲ್ಕವಿಲ್ಲ, ಪರೀಕ್ಷೆ ಬರೆದರೆ ಮಾತ್ರ.

ಎಂ.ಎ. ನಂತರ ಬೆಂಗಳೂರಿನ ಐಸೆಕ್, ಧಾರವಾಡದ ಸಿಎಂಡಿಆರ್‌ನಂಥ ಐಸಿಎಸ್‌ಎಸ್‌ಆರ್ ಬೆಂಬಲಿತ ಸಂಸ್ಥೆಗಳಲ್ಲಿ ಸಂಶೋಧನಾ ಸಹಾಯಕರ ಹುದ್ದೆಗಳಿಗೆ ಕಣ್ಣಿಟ್ಟಿರಿ. 2024ರ ಜೂನ್ ಸುತ್ತಿನಿಂದ ಎನ್‌ಇಟಿ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕ ಪಿಎಚ್.ಡಿ. ಪ್ರವೇಶಕ್ಕೂ ನಡೆಯುತ್ತದೆ. ಜೆಆರ್‌ಎಫ್ (ಅದೇ ಪರೀಕ್ಷೆಯಿಂದ ಸಿಗುವ ಸಂಶೋಧನಾ ಶಿಷ್ಯವೇತನ) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. 2023ರ ಜನವರಿಯಿಂದ ಜಾರಿಯಾದ ದರ ಅದು. ಅರ್ಜಿಯ ಜೊತೆ ಕೊಡಲು ಒಂದು ಫೈಲು ಮಾಡಿಟ್ಟುಕೊಳ್ಳಿ: ನಿಮ್ಮ ಪ್ರಬಂಧ, ಅದರ ಒಂದು ಪುಟದ ಇಂಗ್ಲಿಷ್ ಸಾರಾಂಶ, ಪ್ರಶ್ನಾವಳಿಯ ಮೊದಲ ಮತ್ತು ಕೊನೆಯ ರೂಪ, ನೀವೇ ಕೂಡಿಸಿದ ಒಂದೆರಡು ಕೋಷ್ಟಕ, ಅನುಭವ ಪತ್ರ. ಮೊದಲ ಪ್ರಶ್ನಾವಳಿಯನ್ನು ಎಸೆಯಬೇಡಿ. ಯಾವ ಪ್ರಶ್ನೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಸಂದರ್ಶನದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು.